ಆಸ್ಪತ್ರೆಗಳಲ್ಲಿ ‘ನೆಲದ ಮನ್ನಣೆ’: ಅರ್ಥ, ಹಿನ್ನೆಲೆ ಮತ್ತು ಹೊಣೆ

ಕೆನಡಾದ ಆಸ್ಪತ್ರೆಗಳಲ್ಲಿ ಸಭೆ, ತರಬೇತಿ ಅಥವಾ ಸಮಾರಂಭ ಆರಂಭವಾಗುವ ಮೊದಲು ಒಬ್ಬರು ಎದ್ದು ನಿಂತು, ಆ ಕಟ್ಟಡ ಇರುವ ನೆಲ ಯಾವ ಮೂಲನಿವಾಸಿ ಜನಾಂಗಕ್ಕೆ ಸೇರಿದ್ದು ಎಂದು ಹೇಳುವ ಪದ್ಧತಿ ಇಂದು ಸಾಮಾನ್ಯವಾಗಿದೆ. ಇದನ್ನು ಅಲ್ಲಿ ‘ಲ್ಯಾಂಡ್ ಅಕ್ನಾಲೆಜ್‌ಮೆಂಟ್’ ಎನ್ನುತ್ತಾರೆ. ಕನ್ನಡದಲ್ಲಿ ‘ನೆಲದ ಮನ್ನಣೆ’ ಎನ್ನಬಹುದು. ನಮ್ಮ ಕರಾವಳಿಯಿಂದ ನರ್ಸ್ ಕೆಲಸಕ್ಕೆ, ವೃದ್ಧರ ಆರೈಕೆಗೆ ಆ ದೇಶಕ್ಕೆ ಹೋದವರು ಈ ಮಾತುಗಳನ್ನು ಕೇಳುತ್ತಾರೆ. ಕೆಲವೊಮ್ಮೆ ತಾವೇ ಹೇಳಬೇಕಾಗಿ ಬರುತ್ತದೆ. ಈ ವಿಷಯದಲ್ಲಿ ಕಥೊಲಿಕ ಧರ್ಮಸಭೆಗೂ ನೇರ ಸಂಬಂಧವಿದೆ. ಆದುದರಿಂದ ಇದರ ಹಿನ್ನೆಲೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು.

ನೆಲದ ಮನ್ನಣೆ ಎಂದರೇನು?

ಕೆನಡಾದ ಸಂವಿಧಾನವು ಫಸ್ಟ್ ನೇಷನ್ಸ್, ಇನ್ಯುಯಿಟ್ ಮತ್ತು ಮೇಟಿ ಎಂಬ ಮೂರು ಮೂಲನಿವಾಸಿ ಸಮುದಾಯಗಳನ್ನು ಗುರುತಿಸುತ್ತದೆ. ಬಿಳಿಯರು ಬಂದು ನೆಲೆಸುವ ಮೊದಲು ನೆಲ ಇವರ ಪೂರ್ವಜರದ್ದಾಗಿತ್ತು. ಆ ನೆಲ ಕೈಬದಲಾದ ರೀತಿ ಎಲ್ಲ ಕಡೆಯೂ ಒಂದೇ ಅಲ್ಲ. ವ್ಯಾಂಕೂವರ್ ನಗರವು ಮಸ್ಕ್ವಿಯಂ, ಸ್ಕ್ವಾಮಿಷ್ ಮತ್ತು ಟ್ಸ್ಲೇಲ್-ವಾಟುತ್ ಜನರ ನೆಲದಲ್ಲಿದೆ. ಅವರು ಯಾವ ಒಪ್ಪಂದದಲ್ಲಿಯೂ ಅದನ್ನು ಬಿಟ್ಟುಕೊಟ್ಟಿಲ್ಲ. ಟೊರಾಂಟೊ ನಗರದ ನೆಲವನ್ನು ಮಿಸ್ಸಿಸಾಗ ಜನರಿಂದ 1787 ಮತ್ತು 1805ರಲ್ಲಿ ಪಡೆದ ಬಗ್ಗೆ ದೀರ್ಘಕಾಲ ತಕರಾರು ಇತ್ತು. ಕೊನೆಗೆ 2010ರಲ್ಲಿ ಕೆನಡಾ ಸರಕಾರವು 14.5 ಕೋಟಿ ಡಾಲರ್ ಕೊಟ್ಟು ಅದನ್ನು ಇತ್ಯರ್ಥಪಡಿಸಿತು. ಹೀಗಿರುವುದರಿಂದ ಒಂದು ಊರಿನ ಮಾತನ್ನು ಇನ್ನೊಂದು ಊರಿನಲ್ಲಿ ಹಾಗೆಯೇ ಓದುವಂತಿಲ್ಲ.

ಇದನ್ನು ‘ಸ್ಮರಣೆ’ ಎನ್ನದೆ ‘ಮನ್ನಣೆ’ ಎನ್ನಲು ಕಾರಣವಿದೆ. ಸ್ಮರಣೆ ಎಂದರೆ ಸಾಮಾನ್ಯವಾಗಿ ತೀರಿಹೋದವರನ್ನು ನೆನೆಯುವುದು. ಈ ಜನರಾದರೋ ಇಂದಿಗೂ ಇದ್ದಾರೆ. ಅದೇ ಆಸ್ಪತ್ರೆಯ ಹಾಸಿಗೆಗಳಲ್ಲಿ ರೋಗಿಗಳಾಗಿ, ವಾರ್ಡುಗಳಲ್ಲಿ ನರ್ಸ್, ವೈದ್ಯರಾಗಿ ಇದ್ದಾರೆ.

ಒಪ್ಪಂದದೊಳಗಿನ ಔಷಧ ಪೆಟ್ಟಿಗೆ

ನೆಲಕ್ಕೂ ಆಸ್ಪತ್ರೆಗೂ ಏನು ಸಂಬಂಧ ಎಂದು ಕೇಳಬಹುದು. ಇದಕ್ಕೆ ಸ್ಪಷ್ಟ ಉತ್ತರ 1876ರ ಒಂದು ಕಾಗದದಲ್ಲಿದೆ. ಆ ವರ್ಷ ಬ್ರಿಟಿಷ್ ರಾಣಿಯ ಪ್ರತಿನಿಧಿಗಳು ಮತ್ತು ಕ್ರೀ ಮೊದಲಾದ ಜನಾಂಗಗಳ ಮುಖಂಡರು ‘6ನೇ ಒಪ್ಪಂದ’ಕ್ಕೆ ಸಹಿ ಹಾಕಿದರು. ಎಡ್ಮಂಟನ್ ನಗರವು ಈ ಒಪ್ಪಂದದ ಪ್ರದೇಶದಲ್ಲಿದೆ. ಕೆಲವೇ ವರ್ಷಗಳ ಹಿಂದೆ ಸಿಡುಬು ಬಂದು ಆ ಬಯಲು ಸೀಮೆಯಲ್ಲಿ ಬಹಳ ಜನ ಸತ್ತಿದ್ದರು. ಬೇಟೆಯ ಕಾಡೆಮ್ಮೆಗಳೂ ಕಡಿಮೆಯಾಗುತ್ತಿದ್ದವು. ಆದುದರಿಂದ ಮುಖಂಡರು ಬರಗಾಲದಲ್ಲಿ ನೆರವು ಮತ್ತು ರೋಗಕ್ಕೆ ಔಷಧ ಬೇಕೆಂದು ಕೇಳಿದರು. ಸರಕಾರದ ಅಧಿಕಾರಿಯ ಮನೆಯಲ್ಲಿ ಜನರ ಉಪಯೋಗಕ್ಕಾಗಿ ಒಂದು ಔಷಧ ಪೆಟ್ಟಿಗೆ ಇಡಲಾಗುವುದು ಎಂಬ ಮಾತು ಒಪ್ಪಂದದಲ್ಲಿ ಸೇರಿತು.

ಆ ಪೆಟ್ಟಿಗೆಯ ಅರ್ಥವೇನು ಎಂಬ ಚರ್ಚೆ ಇನ್ನೂ ನಿಂತಿಲ್ಲ. ಕಾಲಕ್ಕೆ ತಕ್ಕ ಪೂರ್ಣ ಚಿಕಿತ್ಸೆ ಎಂದು ಮೂಲನಿವಾಸಿಗಳು ಹೇಳುತ್ತಾರೆ. 1935ರಲ್ಲಿ ಒಂದು ನ್ಯಾಯಾಲಯ ವಿಶಾಲವಾದ ಅರ್ಥ ಕೊಟ್ಟರೆ, 1966ರಲ್ಲಿ ಸಸ್ಕಾಚೆವನ್ ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯ ಅದನ್ನು ಕಿರಿದುಗೊಳಿಸಿತು. ಏನೇ ಇರಲಿ, ಎಡ್ಮಂಟನ್‌ನ ಆಸ್ಪತ್ರೆಯೊಂದರಲ್ಲಿ ‘ನಾವು 6ನೇ ಒಪ್ಪಂದದ ನೆಲದಲ್ಲಿದ್ದೇವೆ’ ಎಂದು ಹೇಳುವಾಗ, ನೆಲದ ಬದಲಿಗೆ ಆರೋಗ್ಯದ ವಾಗ್ದಾನ ಕೊಟ್ಟದ್ದೂ ಆ ಮಾತಿನೊಳಗೆ ಬರುತ್ತದೆ.

ಆಸ್ಪತ್ರೆ ಎಂದರೆ ಭಯ ಏಕೆ?

ಹಿಂದೆ ಕ್ಷಯರೋಗ ಬಂದ ಮೂಲನಿವಾಸಿಗಳನ್ನು ಪ್ರತ್ಯೇಕವಾದ ‘ಇಂಡಿಯನ್ ಆಸ್ಪತ್ರೆ’ಗಳಲ್ಲಿ ಇಡುತ್ತಿದ್ದರು. ಎಡ್ಮಂಟನ್‌ನ ಚಾರ್ಲ್ಸ್ ಕ್ಯಾಮ್ಸೆಲ್ ಆಸ್ಪತ್ರೆ ಇವುಗಳಲ್ಲೊಂದು. ಇಲ್ಲಿ ‘ಇಂಡಿಯನ್’ ಎಂದರೆ ಭಾರತೀಯರಲ್ಲ. ಫಸ್ಟ್ ನೇಷನ್ಸ್ ಜನರಿಗೆ ಬಿಳಿಯರು ಇಟ್ಟ ಹೆಸರು. ಇಂದು ಕಾನೂನಿನ ಭಾಷೆಯಲ್ಲಿ ಉಳಿದಿದ್ದರೂ ಮಾತಿನಲ್ಲಿ ಅದನ್ನು ಬಳಸುವುದು ಸರಿಯಲ್ಲ.

2008ರಲ್ಲಿ ವಿನ್ನಿಪೆಗ್ ನಗರದಲ್ಲಿ ಬ್ರಯಾನ್ ಸಿಂಕ್ಲೇರ್ ಎಂಬ ಮೂಲನಿವಾಸಿ ವ್ಯಕ್ತಿ ಗಾಲಿಕುರ್ಚಿಯಲ್ಲಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದು, 34 ಗಂಟೆ ಕಾದು, ಅಲ್ಲೇ ಪ್ರಾಣ ಬಿಟ್ಟರು. ಅವರಿಗಿದ್ದದ್ದು ಗುಣಪಡಿಸಬಹುದಾಗಿದ್ದ ಮೂತ್ರಕೋಶದ ಸೋಂಕು. ಅವರು ಕುಡಿದಿರಬೇಕು ಅಥವಾ ಮನೆಯಿಲ್ಲದೆ ಬಂದು ಕುಳಿತಿರಬೇಕು ಎಂದು ಕೆಲವು ಸಿಬ್ಬಂದಿ ಭಾವಿಸಿದ್ದರು. 2020ರ ಸೆಪ್ಟೆಂಬರ್ 28ರಂದು ಕ್ವಿಬೆಕ್ ಪ್ರಾಂತ್ಯದ ಜೋಲಿಯೆಟ್‌ನಲ್ಲಿ ಅಟಿಕಾಮೆಕ್ ಜನಾಂಗದ ಜಾಯ್ಸ್ ಎಚಕ್ವಾನ್ ತೀರಿಕೊಂಡರು. ಅವರು 37 ವರ್ಷದ, ಏಳು ಮಕ್ಕಳ ತಾಯಿ. ಸಿಬ್ಬಂದಿ ತನ್ನನ್ನು ಹೀನಾಯವಾಗಿ ಬೈಯುವುದನ್ನು ಅವರು ಹಾಸಿಗೆಯಿಂದಲೇ ಮೊಬೈಲಿನಲ್ಲಿ ನೇರ ಪ್ರಸಾರ ಮಾಡಿದ್ದರು. ಜನಾಂಗ ದ್ವೇಷ ಮತ್ತು ಪೂರ್ವಗ್ರಹವು ಈ ಸಾವಿಗೆ ಕಾರಣವಾದ ಅಂಶಗಳಲ್ಲಿ ಸೇರಿದೆ ಎಂದು 2021ರ ಅಧಿಕೃತ ಮರಣ ತನಿಖೆ ಹೇಳಿತು.

2015ರ ವರದಿ

ಕೆನಡಾದ ಸತ್ಯ ಮತ್ತು ಸಂಧಾನ ಆಯೋಗವು 2015ರಲ್ಲಿ 94 ಶಿಫಾರಸುಗಳನ್ನು ಮಾಡಿತು. ನೆಲದ ಮನ್ನಣೆ ಹೇಳಬೇಕೆಂಬ ನೇರ ಮಾತು ಅವುಗಳಲ್ಲಿಲ್ಲ. ಆದರೂ ಈ ಪದ್ಧತಿ ಹೆಚ್ಚಾಗಿ ಹರಡಿದ್ದು ಈ ವರದಿಯ ಬಳಿಕ. 18ರಿಂದ 24ರವರೆಗಿನ ಏಳು ಶಿಫಾರಸುಗಳು ಆರೋಗ್ಯದ ಕುರಿತಾದವು. ಮೂಲನಿವಾಸಿಗಳ ಇಂದಿನ ಅನಾರೋಗ್ಯಕ್ಕೆ ಹಿಂದಿನ ಸರಕಾರಿ ನೀತಿಗಳೇ ಕಾರಣ ಎಂದು ಒಪ್ಪಿಕೊಳ್ಳಿ ಎನ್ನುತ್ತದೆ 18ನೆಯದು. ರೋಗಿ ಕೇಳಿದಾಗ ಅವರ ಪಾರಂಪರಿಕ ಚಿಕಿತ್ಸೆಗೂ ಹಿರಿಯರಿಗೂ ಅವಕಾಶ ಕೊಡಿ ಎನ್ನುತ್ತದೆ 22ನೆಯದು. ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಈ ಚರಿತ್ರೆಯನ್ನು ಕಡ್ಡಾಯವಾಗಿ ಕಲಿಯಬೇಕು ಎನ್ನುತ್ತದೆ 24ನೆಯದು.

ಧರ್ಮಸಭೆಯ ಪಾಲು

ಮೂಲನಿವಾಸಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮನೆಯಿಂದ ದೂರ ಮಾಡಿ ವಸತಿ ಶಾಲೆಗಳಲ್ಲಿ ಇಡಲಾಗಿತ್ತು. ಈ ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ನಡೆಸಿದ್ದು ಕಥೊಲಿಕ ಸಂಸ್ಥೆಗಳು. ಅಲ್ಲಿ ಮಕ್ಕಳು ಕ್ಷಯರೋಗದಿಂದ ಸಾಯುತ್ತಿದ್ದಾರೆ ಎಂದು ಸರಕಾರಿ ವೈದ್ಯ ಡಾ. ಪೀಟರ್ ಬ್ರೈಸ್ 1907ರಲ್ಲೇ ವರದಿ ಮಾಡಿದ್ದರು. ಆದರೂ ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ.

ಅದೇ ಕಾಲದಲ್ಲಿ ಧರ್ಮಭಗಿನಿಯರು ಆಸ್ಪತ್ರೆಗಳನ್ನೂ ಕಟ್ಟಿದರು. ವ್ಯಾಂಕೂವರಿನ ಸಂತ ಪೌಲರ ಆಸ್ಪತ್ರೆಯನ್ನು 1894ರಲ್ಲಿ ಪ್ರಾವಿಡೆನ್ಸ್ ಸಭೆಯ ಭಗಿನಿಯರು ಆರಂಭಿಸಿದರು. ಹೀಗೆ ಕಥೊಲಿಕ ಆಸ್ಪತ್ರೆಗಳು ನೆಲದ ಮನ್ನಣೆ ಹೇಳುವಾಗ ಸೇವೆಯ ಚರಿತ್ರೆಯ ಜತೆ ನೋವಿನ ಚರಿತ್ರೆಯನ್ನೂ ಹೊತ್ತು ಹೇಳುತ್ತವೆ.

2022ರ ಜುಲೈ 25ರಂದು ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 6ನೇ ಒಪ್ಪಂದದ ಪ್ರದೇಶದಲ್ಲಿರುವ ಮಾಸ್ಕ್ವಚೀಸ್‌ಗೆ ಹೋಗಿ ಕ್ಷಮೆ ಕೇಳಿದರು. ಮೂಲನಿವಾಸಿಗಳ ನೆಲವನ್ನು ‘ಕಂಡುಹಿಡಿದವರಿಗೇ’ ಅದರ ಹಕ್ಕು ಎಂಬ ಹಳೆಯ ವಾದವನ್ನು 2023ರ ಮಾರ್ಚ್ 30ರಂದು ವ್ಯಾಟಿಕನ್ ತಿರಸ್ಕರಿಸಿತು.

ಹೇಳುವ ಕ್ರಮ

* ಆಸ್ಪತ್ರೆ ಇರುವ ನೆಲದ ಜನಾಂಗ ಯಾವುದು, ಒಪ್ಪಂದ ಇದೆಯೇ ಇಲ್ಲವೇ ಎಂದು ಮೊದಲು ತಿಳಿಯಬೇಕು. ಸಾಧ್ಯವಾದರೆ ಆ ಜನರಿಂದಲೇ ಕೇಳಿ ತಿಳಿಯಬೇಕು.
* ಹೆಸರುಗಳ ಉಚ್ಚಾರಣೆಯನ್ನು ಅಭ್ಯಾಸ ಮಾಡಿಕೊಳ್ಳಬೇಕು.
* ‘ಇದ್ದರು’, ‘ಬಾಳುತ್ತಿದ್ದರು’ ಎಂದು ಭೂತಕಾಲದಲ್ಲಿ ಮಾತ್ರ ಹೇಳಬಾರದು.
* ಬೇರೆಯವರು ಹೇಳುವುದು ಮನ್ನಣೆ ಮಾತ್ರ. ತಮ್ಮ ನೆಲಕ್ಕೆ ಸ್ವಾಗತ ಕೋರುವ ಅಧಿಕಾರ ಆ ಜನಾಂಗದ ಹಿರಿಯರಿಗೆ ಸೇರಿದ್ದು. ಅವರನ್ನು ಕರೆಯುವಾಗ ಆಯಾ ಪ್ರದೇಶದ ಮರ್ಯಾದೆಯನ್ನು ಪಾಲಿಸಬೇಕು.
* ಇದು ಸಭೆ, ತರಬೇತಿ, ಸಮಾರಂಭಗಳಿಗೆ ತಕ್ಕದ್ದು. ನೋವಿನಲ್ಲಿರುವ ರೋಗಿಯ ಹಾಸಿಗೆಯ ಬಳಿ ಓದುವ ಮಾತಲ್ಲ.
* ಕೊನೆಗೆ ನಮ್ಮ ಆಸ್ಪತ್ರೆ ಏನು ಮಾಡುತ್ತಿದೆ ಎಂಬ ಒಂದು ನಿಜವಾದ ವಾಕ್ಯ ಇರಬೇಕು.

ಉದಾಹರಣೆಗೆ ಹೀಗೆ ಹೇಳಬಹುದು: ‘ನಾವು ಸೇವೆ ಮಾಡುತ್ತಿರುವ ಈ ಆಸ್ಪತ್ರೆ 6ನೇ ಒಪ್ಪಂದದ ನೆಲದಲ್ಲಿದೆ. ಕ್ರೀ ಮೊದಲಾದ ಜನರು ಹಿಂದೆಯೂ ಇಂದೂ ಈ ನೆಲದವರು. ಅವರಿಗೆ ಕೊಟ್ಟ ವಾಗ್ದಾನ ಇನ್ನೂ ಪೂರ್ತಿ ಈಡೇರಿಲ್ಲ. ನಮ್ಮ ವಾರ್ಡಿಗೆ ಬರುವ ಪ್ರತಿಯೊಬ್ಬರೂ ಗೌರವದಿಂದ ಚಿಕಿತ್ಸೆ ಪಡೆಯುವಂತೆ ಈ ವರ್ಷ ಈ ಕೆಲಸ ಕೈಗೊಂಡಿದ್ದೇವೆ.’ ಆ ಕೆಲಸ ಯಾವುದೆಂದು ಹೇಳಲಾಗದಿದ್ದರೆ ಕೊನೆಯ ವಾಕ್ಯವನ್ನು ಹೇಳದಿರುವುದೇ ಲೇಸು.

ಮಾತು ಮತ್ತು ಕೆಲಸ

ಈ ಪದ್ಧತಿಗೆ ಟೀಕೆಯೂ ಇದೆ. ಟೊರಾಂಟೊದ ವಿಶ್ವವಿದ್ಯಾನಿಲಯವೊಂದಕ್ಕೆ ಇಂತಹ ಮಾತು ಬರೆಯಲು ನೆರವಾಗಿದ್ದ ಅನಿಶಿನಾಬೆ ವಿದ್ವಾಂಸ ಹೇಡನ್ ಕಿಂಗ್, ಹಾಗೆ ಮಾಡಿದ್ದಕ್ಕೆ ವಿಷಾದವಿದೆ ಎಂದು 2019ರಲ್ಲಿ ಹೇಳಿದರು. ಬಾಯಿಪಾಠದಂತೆ ಓದಿ ಮುಗಿಸಿದರೆ ಕೇಳುವವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ.

ಹೊಣೆ ಎಂದರೇನು ಎಂಬುದಕ್ಕೆ ಜಾರ್ಡನ್ ರಿವರ್ ಆ್ಯಂಡರ್ಸನ್ ಎಂಬ ಕ್ರೀ ಬಾಲಕನ ಕಥೆ ಸಾಕ್ಷಿ. ಮನೆಯ ಆರೈಕೆಯ ಖರ್ಚು ಕೇಂದ್ರ ಸರಕಾರದ್ದೋ ಪ್ರಾಂತ್ಯದ್ದೋ ಎಂಬ ಜಗಳದಲ್ಲಿ ಅವನು ಎರಡು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲೇ ಉಳಿದು, 2005ರಲ್ಲಿ ಐದನೆಯ ವಯಸ್ಸಿನಲ್ಲಿ ತೀರಿಕೊಂಡನು. ಮೊದಲು ಮಗುವಿಗೆ ಸೇವೆ, ಲೆಕ್ಕಾಚಾರ ಆಮೇಲೆ ಎಂಬ ‘ಜಾರ್ಡನ್ ತತ್ವ’ವನ್ನು ಕೆನಡಾದ ಸಂಸತ್ತು 2007ರಲ್ಲಿ ಸರ್ವಾನುಮತದಿಂದ ಅಂಗೀಕರಿಸಿತು. ಅದನ್ನು ಜಾರಿಗೆ ತರಿಸಲು ಮುಂದೆ ಕಾನೂನು ಹೋರಾಟವೇ ಬೇಕಾಯಿತು.

ವಲಸೆ ಹೋದವರಿಗೆ

‘ಈ ನೆಲವನ್ನು ಕಿತ್ತುಕೊಂಡವರು ನಾವಲ್ಲವಲ್ಲ?’ ಎಂದು ನಮ್ಮವರು ಕೇಳುವುದು ಸಹಜ. ಹೌದು, ಅಲ್ಲ. ಆದರೆ ಒಪ್ಪಂದಕ್ಕೆ ಎರಡು ಪಕ್ಷಗಳಿವೆ. ಆ ನೆಲದಲ್ಲಿ ಮನೆ, ಸಂಬಳ, ಪೌರತ್ವ ಪಡೆದವರು ಒಪ್ಪಂದದ ಒಂದು ಬದಿಯಲ್ಲಿ ನಿಂತಂತಾಯಿತು. 2021ರಿಂದ ಕೆನಡಾದ ಪೌರತ್ವದ ಪ್ರಮಾಣವಚನದಲ್ಲಿಯೂ ಮೂಲನಿವಾಸಿಗಳ ಹಕ್ಕು ಮತ್ತು ಒಪ್ಪಂದದ ಹಕ್ಕುಗಳ ಮಾತು ಸೇರಿದೆ.

ನರ್ಸ್ ಆಗಿರುವವರಿಗೆ ಈ ಹೊಣೆ ದೊಡ್ಡ ಸಭೆಯಲ್ಲಿ ಬರುವುದು ಅಪರೂಪ. ರಾತ್ರಿ ಪಾಳಿಯಲ್ಲಿ, ತುರ್ತು ವಿಭಾಗದ ಕುರ್ಚಿಯಲ್ಲಿ ಬಹಳ ಹೊತ್ತಿನಿಂದ ಕುಳಿತಿರುವ ಒಬ್ಬರ ಬಳಿ ಹೋಗಿ, ‘ನಿಮಗೆ ಏನಾಗುತ್ತಿದೆ?’ ಎಂದು ಕೇಳುವಾಗ ಅದು ಬರುತ್ತದೆ. ಬ್ರಯಾನ್ ಸಿಂಕ್ಲೇರ್‌ರವರಿಗೆ ಬೇಕಾಗಿದ್ದದ್ದು ಆ ಒಂದು ಪ್ರಶ್ನೆ.