ಬ್ಯಾಲಸ್ಟ್ ರೋಧಕ ಮತ್ತು ಇಗ್ನಿಷನ್ ಕಾಯಿಲ್

ಬ್ಯಾಲಸ್ಟ್ ರೋಧಕವು ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇಗ್ನಿಷನ್ ಕಾಯಿಲ್‌ಗೆ ಹರಿಯುವ ವಿದ್ಯುತ್ತನ್ನು ಮಿತಗೊಳಿಸುವ ಬಿಡಿಭಾಗವಾಗಿದೆ. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಕಾರುಗಳು 6 ವೋಲ್ಟ್‌ನಿಂದ 12 ವೋಲ್ಟ್‌ಗೆ ಬದಲಾದ ಮೇಲೆ ಇದರ ಬಳಕೆ ವ್ಯಾಪಕವಾಯಿತು. ಬ್ರಿಟನ್ನಿನ ಎಂಜಿಬಿ ಕಾರಿಗೆ ಇದು 1970ರ ದಶಕದಲ್ಲಿ ಬಂದಿತು. ಕಾಯಿಲ್ ಮತ್ತು ರೋಧಕಗಳು ಜೋಡಿಯಾಗಿಯೇ ರೂಪುಗೊಂಡವು. ಒಂದನ್ನು ಮಾತ್ರ ಬದಲಿಸಿದಾಗ ತೊಂದರೆ ಆರಂಭವಾಗುತ್ತದೆ.

ಕಾರ್ಯವಿಧಾನ

ಕಾಯಿಲ್‌ನಲ್ಲಿ ಪ್ರಾಥಮಿಕ ಮತ್ತು ದ್ವಿತೀಯಕ ಎಂಬ ಎರಡು ಸುರುಳಿಗಳಿವೆ. ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್‌ಗಳು ಮುಚ್ಚಿದಾಗ ಪ್ರಾಥಮಿಕ ಸುರುಳಿಯಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಬೆಳೆಯುತ್ತದೆ. ಅವು ತೆರೆದ ಕ್ಷಣ ಕ್ಷೇತ್ರ ಕುಸಿದು, ದ್ವಿತೀಯಕದಲ್ಲಿ ಸಾವಿರಾರು ವೋಲ್ಟ್ ಉಂಟಾಗಿ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ.

ಸ್ಟಾರ್ಟರ್ ಮೋಟಾರ್ ತಿರುಗುವಾಗ ಬ್ಯಾಟರಿಯ ವೋಲ್ಟೇಜ್ 9ರ ಆಸುಪಾಸಿಗೆ ಇಳಿಯಬಹುದು. ಚಳಿಯಲ್ಲಂತೂ, ಬಲವಾದ ಕಿಡಿ ಬೇಕಾದ ಹೊತ್ತಿನಲ್ಲೇ ಶಕ್ತಿ ಕಡಿಮೆ. ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಕಡಿಮೆ ವೋಲ್ಟೇಜಿಗೆ ತಕ್ಕ ಕಾಯಿಲ್ ಅಳವಡಿಸಿ, ಸ್ಟಾರ್ಟ್ ಮಾಡುವಾಗ ಪ್ರತ್ಯೇಕ ತಂತಿಯಿಂದ ನೇರವಾಗಿಯೂ, ಎಂಜಿನ್ ಓಡತೊಡಗಿದ ಮೇಲೆ ರೋಧಕದ ಮೂಲಕವೂ ವಿದ್ಯುತ್ ಒದಗಿಸಲಾಯಿತು.

ಹೊಂದಾಣಿಕೆ

ರೋಧಕ ಬೇಡದ ಕಾಯಿಲ್‌ನ ಪ್ರಾಥಮಿಕ ಪ್ರತಿರೋಧ ಸಾಮಾನ್ಯವಾಗಿ ಸುಮಾರು 3 ಓಮ್. ರೋಧಕ ಬೇಕಾದುದರದು ಸುಮಾರು 1.5 ಓಮ್, ಉಳಿದ 1.5 ಓಮ್ ರೋಧಕದ ಪಾಲು. ಪಾಯಿಂಟ್ ಮುಚ್ಚಿ ನಿಂತಾಗ ಎರಡರಲ್ಲೂ 12 ವೋಲ್ಟ್‌ಗೆ 4 ಆಂಪಿಯರ್ ಹರಿಯುತ್ತದೆ. ಪ್ರೌಢಶಾಲೆಯಲ್ಲಿ ಕಲಿತ ಓಮನ ನಿಯಮವೇ ಇಲ್ಲಿ ಸಾಕು.

1.5 ಓಮ್ ಕಾಯಿಲನ್ನು ರೋಧಕವಿಲ್ಲದೆ ಜೋಡಿಸಿದರೆ, 14 ವೋಲ್ಟ್‌ನಲ್ಲಿ ವಿದ್ಯುತ್ 9 ಆಂಪಿಯರ್ ದಾಟಬಹುದು. ಪಾಯಿಂಟ್‌ಗಳು ಸುಡುತ್ತವೆ, ಕಾಯಿಲ್ ಕಾದು ಕೆಡುತ್ತದೆ. 3 ಓಮ್ ಕಾಯಿಲ್‌ಗೆ ರೋಧಕವನ್ನೂ ಸೇರಿಸಿದರೆ 12 ವೋಲ್ಟ್‌ನಲ್ಲಿ ಹರಿಯುವುದು ಕೇವಲ 2.7 ಆಂಪಿಯರ್, ಕಿಡಿ ಸೊರಗಿ ಎಂಜಿನ್ ಏರಿನಲ್ಲಿ ಮುಗ್ಗರಿಸುತ್ತದೆ. ಈ ಎರಡನೆಯ ತಪ್ಪು ಹೆಚ್ಚು ಮೋಸಗೊಳಿಸುವಂಥದ್ದು. ಏನೂ ಸುಟ್ಟಿರುವುದಿಲ್ಲವಾದ್ದರಿಂದ ದೋಷವನ್ನು ಪಾಪ, ಕಾರ್ಬ್ಯುರೇಟರ್‌ನ ಮೇಲೆ ಹೊರಿಸಲಾಗುತ್ತದೆ.

ಪರೀಕ್ಷೆ

ಹಳೆಯ ಕ್ರೈಸ್ಲರ್ ಕಾರುಗಳಲ್ಲಿ ರೋಧಕವು ಪಿಂಗಾಣಿಯ ತುಂಡಾಗಿ ಕಣ್ಣಿಗೆ ಬೀಳುತ್ತದೆ. ಎಂಜಿಬಿಯಲ್ಲಿ ಅದು ವೈರಿಂಗ್ ಕಟ್ಟಿನೊಳಗೆ ಅಡಗಿದ ರೋಧಕ ತಂತಿ. ಆದುದರಿಂದ ಕಾಣದ ಮಾತ್ರಕ್ಕೆ ರೋಧಕವಿಲ್ಲವೆಂದು ತೀರ್ಮಾನಿಸಬಾರದು. ಪಾಯಿಂಟ್ ಮುಚ್ಚಿರುವಾಗ ಇಗ್ನಿಷನ್ ಹಾಕಿ, ಕಾಯಿಲ್‌ಗೆ ವಿದ್ಯುತ್ ಬರುವ ತುದಿಯಲ್ಲಿ ಅಳೆದರೆ ರೋಧಕವಿದ್ದಲ್ಲಿ 6ರಿಂದ 8 ವೋಲ್ಟ್, ಇಲ್ಲದಿದ್ದಲ್ಲಿ ಸುಮಾರು 12 ವೋಲ್ಟ್ ಕಾಣುತ್ತದೆ. ಪಾಯಿಂಟ್ ತೆರೆದಿದ್ದರೆ ವಿದ್ಯುತ್ತೇ ಹರಿಯದ ಕಾರಣ ರೋಧಕವಿದ್ದರೂ 12 ವೋಲ್ಟ್ ತೋರುತ್ತದೆ. ಹಲವರು ಎಡವುವುದು ಇಲ್ಲಿಯೇ. ಅಳತೆ ಮುಗಿದ ಕೂಡಲೇ ಇಗ್ನಿಷನ್ ಆರಿಸಬೇಕು, ಇಲ್ಲವಾದರೆ ಕಾಯಿಲ್ ಕಾಯುತ್ತದೆ.

ಕೀಲಿ ತಿರುಗಿಸಿದಾಗ ಹೊತ್ತಿಕೊಂಡ ಎಂಜಿನ್, ಕೀಲಿ ಬಿಟ್ಟೊಡನೆ ನಿಂತುಹೋದರೆ ರೋಧಕ ಕಡಿದುಹೋಗಿರಬಹುದೆಂದು ಮೊದಲು ಶಂಕಿಸಬೇಕು.

ಜನರಲ್ ಮೋಟಾರ್ಸ್ 1970ರ ದಶಕದ ಮಧ್ಯದಲ್ಲಿ ತಂದ ಎಚ್‌ಇಐ ಎಲೆಕ್ಟ್ರಾನಿಕ್ ಇಗ್ನಿಷನ್‌ಗೆ ಬ್ಯಾಟರಿಯ ಪೂರ್ಣ ವೋಲ್ಟೇಜ್ ಬೇಕು. ಅದನ್ನು ಹಳೆಯ ಕಾರಿಗೆ ಅಳವಡಿಸುವವರು ರೋಧಕ ತಂತಿಯ ಬದಲು ಸಾಧಾರಣ ತಾಮ್ರದ ತಂತಿ ಎಳೆಯಬೇಕಾಗುತ್ತದೆ.