ಫಾರಿನ್‌ನಲ್ಲಿ ಒಂದು ದಿನ ಫ್ರೀ ಸಿಕ್ಕರೆ? ವಿಶ್ವೇಶ್ವರಯ್ಯ, ಜಪಾನು, ನಮ್ಮ ತೆಂಗು (ಭಾಗ 4)

1898. ಎಂ. ವಿಶ್ವೇಶ್ವರಯ್ಯ ಆಗಿನ್ನೂ ದಿವಾನರಲ್ಲ, ಹೆಸರಿನ ಹಿಂದೆ ‘ಸರ್’ ಕೂಡ ಇರಲಿಲ್ಲ. ಬಾಂಬೆ ಸರ್ಕಾರದ ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರ್. ರಜೆ ಹಾಕಿದರು, ಸ್ವಂತ ದುಡ್ಡು ಕೊಟ್ಟು ಹಡಗು ಹತ್ತಿದರು, ಸುಮಾರು ಮೂರು ತಿಂಗಳು ಜಪಾನ್ ನೋಡಿ ಬಂದರು. ಯಾವ ಸರ್ಕಾರವೂ ಕಳಿಸಿದ್ದಲ್ಲ.

ಆ ಕಾಲದಲ್ಲಿ ನಮ್ಮವರು ಓದೋಕೆ, ಬ್ಯಾರಿಸ್ಟರ್ ಆಗೋಕೆ ಹೋಗ್ತಿದ್ದಿದ್ದು ಲಂಡನ್‌ಗೆ. ಇವರು ಯಾಕೆ ಉಲ್ಟಾ ದಿಕ್ಕಿಗೆ ಹೋದರು? ನನಗನ್ನಿಸೋದು ಇಷ್ಟು. 1868ರಲ್ಲಿ ಜಪಾನಿನಲ್ಲಿ ಮೇಜಿ ಆಡಳಿತ ಶುರುವಾಯ್ತು. ಮೂವತ್ತೇ ವರ್ಷದಲ್ಲಿ ಒಂದು ಏಷ್ಯಾದ ದೇಶ ರೈಲು, ಕಾರ್ಖಾನೆ, ಊರೂರಿಗೆ ಸ್ಕೂಲು ಎಲ್ಲಾ ಮಾಡ್ಕೊಂಡಿತ್ತು. ‘ಅವರಿಗೆ ಆಗಿದ್ದು ನಮಗ್ಯಾಕೆ ಆಗಲ್ಲ’ ಅನ್ನೋ ಪ್ರಶ್ನೆ ಇದ್ದವರಿಗೆ ನೋಡಬೇಕಾದ ಜಾಗ ಲಂಡನ್ ಅಲ್ಲವೇ ಅಲ್ಲ.

ಮುಂದಿನದು ನಿಮಗೆ ಗೊತ್ತು. 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್, 1912ರಲ್ಲಿ ದಿವಾನ್. 1913ರಲ್ಲಿ ಮೈಸೂರು ಬ್ಯಾಂಕ್, ಅದೇ ವರ್ಷ ಪ್ರಾಥಮಿಕ ಶಿಕ್ಷಣದ ಕಾಯ್ದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಜಪಾನ್ ನೋಡಿದ್ದಕ್ಕೇ ಇಷ್ಟೂ ಆಯ್ತು ಅಂತ ನಾನು ಹೇಳ್ತಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಬೆನ್ನಿಗಿರದಿದ್ರೆ ಏನೂ ಆಗ್ತಿರಲಿಲ್ಲ. ಆದ್ರೆ ಬಿಕಾಂ ಪುಸ್ತಕದಲ್ಲಿ ಈ ಇಸವಿಗಳೆಲ್ಲಾ ಪಟ್ಟಿಯಾಗಿ ಬರುತ್ತವೆ, ಆ ಹಡಗಿನ ಟಿಕೆಟ್ ಮಾತ್ರ ಎಲ್ಲೂ ಬರಲ್ಲ.

1908ರಲ್ಲಿ ಮತ್ತೊಂದು ಸಲ. ನಿವೃತ್ತಿಗೆ ಮುಂಚಿನ ರಜೆ, ಯೂರೋಪು ಅಮೆರಿಕ ಟೂರು. ಅಷ್ಟರಲ್ಲಿ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗಿತು. ನಿಜಾಮರ ಸರ್ಕಾರದಿಂದ ಕರೆ ಹೋಯ್ತು. ಇವರು ಟೂರ್ ಮುಗಿಸಿಕೊಂಡೇ 1909ರಲ್ಲಿ ಬಂದರು. ಎಷ್ಟು ಜನ ಬೈದುಕೊಂಡಿರಬೇಕು ಅಂತ ನಾನು ಯೋಚಿಸ್ತಿರ್ತೀನಿ! ಆಮೇಲೆ ಅವರು ಕೊಟ್ಟ ಯೋಜನೆಯಿಂದಲೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದಿದ್ದು.

ಎಲ್ಲರೂ ಹಿಂಗೇ ನೋಟ್‌ಬುಕ್ ಹಿಡ್ಕೊಂಡು ತಿರುಗಬೇಕಾ? ಇಲ್ಲಪ್ಪ. ನಮ್ಮ ತೋಟಗಳ ಪಕ್ಕ ಹರಿಯೋ ಹೇಮಾವತಿ ನಾಲೆಯ ಅಣೆಕಟ್ಟು ಇದೆಯಲ್ಲ, ಆ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು ವಯಸ್ಸಾದ ಮೇಲೆ ಅಮೆರಿಕ ನೋಡಿ ಬಂದು ‘ಅಮೆರಿಕದಲ್ಲಿ ಗೊರೂರು’ ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಹೆಸರಲ್ಲೇ ನೋಡಿ, ಊರನ್ನ ಜೊತೆಗೆ ಕರ್ಕೊಂಡೇ ಹೋಗಿದ್ದಾರೆ.

ಇಷ್ಟೆಲ್ಲಾ ಯಾಕೆ ಹುಡುಕಿದೆ ಅಂದ್ರೆ, ಈ ಡಿಸೆಂಬರ್‌ಗೆ ನಮ್ಮನೆಯವರು ಶ್ರೀಲಂಕಾಕ್ಕೆ ಹೊರಟಿದ್ದಾರೆ. ಮೊದಲನೇ ಪಾಸ್‌ಪೋರ್ಟು ಎಲ್ಲರಿಗೂ. ಪ್ಯಾಕೇಜ್ ಟೂರು, ಕೊನೇ ದಿನ ಪೂರ್ತಿ ಫ್ರೀ, ವಿಮಾನ ರಾತ್ರಿಗೆ. ಅಕ್ಕನಿಗೆ ಕೊಲಂಬೋ ಮಾಲ್. ತಮ್ಮನಿಗೆ ಕಲ್ಪಿಟಿಯ, ಡಾಲ್ಫಿನ್ ನೋಡಬೇಕಂತೆ.

ಆ ಕಲ್ಪಿಟಿಯ ಹೆಸರು ಹುಡುಕಿದಾಗ ನಾನು ಒಂದು ನಿಮಿಷ ಸುಮ್ಮನಾದೆ. ಲಂಕೆಯಲ್ಲಿ ತೆಂಗಿನ ನುಸಿ ಮೊದಲು ಕಾಣಿಸಿಕೊಂಡಿದ್ದು ಅಲ್ಲೇ, 1997ರ ಕೊನೆಯಲ್ಲಿ. 1998ರಲ್ಲಿ ಕೇರಳದ ಎರ್ನಾಕುಲಂ. ಆಮೇಲೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ನಾವು ಹುಟ್ಟೋದಕ್ಕೆ ಮುಂಚಿನ ಕಥೆ, ಆದ್ರೆ ನಿಮ್ಮ ಮನೇಲೂ ಕೇಳಿ ನೋಡಿ: ಕಾಯಿ ಮೈಯೆಲ್ಲಾ ಕಂದು ಬಿರುಕು, ಸೈಜ್ ಸಣ್ಣ, ಅಟ್ಟದ ಮೇಲೆ ವರ್ಷ ಇಟ್ಟರೂ ಉಂಡೆ ಕೊಬ್ಬರಿ ತೂಕಕ್ಕೆ ಬರ್ತಿರಲಿಲ್ಲ.

ಅಲ್ಲಿಂದ ದಕ್ಷಿಣಕ್ಕೆ, ನೆಗೊಂಬೊಗೆ ಮುಂಚೆಯೇ ಸಿಗೋ ಲುನುವಿಲದಲ್ಲಿ 1929ರಿಂದ ತೆಂಗಿನ ಸಂಶೋಧನೆ ನಡೀತಿದೆ. (ಕಾಸರಗೋಡಿನಲ್ಲಿ ಇನ್ನೂ ಮುಂಚೆ, 1916ರಿಂದಲೇ ಇದೆ. ಅದಕ್ಕೆ ಪಾಸ್‌ಪೋರ್ಟೂ ಬೇಡ, ಆದ್ರೂ ನಮ್ಮನೇಲಿ ಯಾರೂ ಹೋಗಿಲ್ಲ!) ಲಂಕೆಯವರು ನಾರು ತೆಗೆದು ಉಳಿದ ಪುಡಿಯನ್ನೂ ಫಾರಿನ್‌ಗೆ ಮಾರ್ತಾರೆ. ನಮ್ಮಲ್ಲಿ ಮಟ್ಟೆ ಇನ್ನೂ ನೀರೊಲೆಗೆ ಹೋಗ್ತಿದೆ.

ಅಜ್ಜಿ ಟೂರಿಗೆ ಬರ್ತಿಲ್ಲ, ಆದ್ರೆ ಅವರ ಆರ್ಡರ್ ಬಂದಾಗಿದೆ: “ಅವರು ನುಸಿಗೆ ಏನ್ ಮಾಡುದ್ರು ಕೇಳ್ಕಂಡ್ ಬಾ. ಸೀರೆಗೀರೆ ಏನೂ ಬ್ಯಾಡ.”

ಲುನುವಿಲಕ್ಕೆ ಒಳಗೆ ಬಿಡ್ತಾರಾ ಅಂತ ಮೇಲ್ ಹಾಕಿದೀನಿ. ಬಿಡದಿದ್ರೆ ಆ ರಸ್ತೇಲಿ ಯಾವುದಾದ್ರೂ ನಾರಿನ ಮಿಲ್ಲು, ಯಾವುದಾದ್ರೂ ತೋಟ. ಅಕ್ಕನ್ನ ಇನ್ನೂ ಒಪ್ಪಿಸಬೇಕು. ನಿಮ್ಮ ಮನೇಲಿ ಅಜ್ಜಿ ತಾತ ಇದ್ರೆ ‘ಲಂಕೆಯವರನ್ನ ಏನು ಕೇಳಲಿ’ ಅಂತ ಕೇಳಿ ಕಾಮೆಂಟಲ್ಲಿ ಹಾಕಿ. ಡಿಸೆಂಬರ್ ಒಳಗೆ ಬಂದಿದ್ದನ್ನೆಲ್ಲಾ ಬರ್ಕೊಂಡು ಹೋಗ್ತೀನಿ.