ಹಗ್ಗದ ಇನ್ನೊಂದು ತುದಿ

ಹಡಗಿನ ಮಾದರಿ ಕಟ್ಟುವವರು ಬಳಸುವ ನಕ್ಷೆಗಳನ್ನು ಬಹಳ ಕಾಲ ನಾನು ಹವ್ಯಾಸಿಗಳ ಸಾಮಗ್ರಿ ಎಂದಷ್ಟೇ ಭಾವಿಸಿದ್ದೆ. ಚರಿತ್ರೆಯ ಸಂಶೋಧನೆಗೆ ಅವು ಆಕರವಾಗಬಲ್ಲವು ಎಂದು ಅನ್ನಿಸಿರಲಿಲ್ಲ. ಆ ಅನಿಸಿಕೆಯನ್ನು ಬದಲಿಸಿದ್ದು ‘ಟರ್ಮಾಯಿಲ್’ ಎಂಬ ಟಗ್ ಹಡಗು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಹೆನ್ರಿ ರಾಬ್ ಕಂಪನಿ ಕಟ್ಟಿದ ‘ಬಸ್ಲರ್’ ವರ್ಗದ ಎಂಟು ಟಗ್‌ಗಳಲ್ಲಿ ಇದೂ ಒಂದು. ಏಟು ತಿಂದು ನಡುಗಡಲಿನಲ್ಲಿ ನಿಂತುಹೋದ ಹಡಗುಗಳನ್ನು ಬಂದರಿಗೆ ಎಳೆದು ತರುವುದು ಇಂಥ ಟಗ್‌ಗಳ ಕೆಲಸ. ಉದ್ದ ಸುಮಾರು 205 ಅಡಿ. 1:48ರ ಪ್ರಮಾಣದಲ್ಲಿ 51 ಅಂಗುಲ. ಆರಡಿ ಆಳು ಒಂದೂವರೆ ಅಂಗುಲಕ್ಕೆ ಇಳಿಯುತ್ತಾನೆ.

ಇಂಥ ಟಗ್ಗಿನ ನಕ್ಷೆಯನ್ನು ಮೇಲಿನಿಂದ ನೋಡಿ. ಕೋಣೆ, ಹೊಗೆಕೊಳವೆ, ಕೂವೆಕಂಬ ಎಲ್ಲವೂ ಮುಂದಕ್ಕೆ ಒತ್ತಿಕೊಂಡಿವೆ. ಹಿಂದಿನ ಡೆಕ್ಕು ಬಹುಪಾಲು ಬರಿದು. ಆ ಬರಿದು ಜಾಗ ಹಗ್ಗದ್ದು. ಬಿಗಿದ ಉಕ್ಕಿನ ಹಗ್ಗ ಅಲ್ಲಿ ಅತ್ತಿತ್ತ ಹೊರಳುತ್ತದೆ. ಅಡ್ಡ ನಿಂತವನು ಉಳಿಯುವುದು ಕಷ್ಟ. ಹಗ್ಗವನ್ನು ಹಿಡಿದಿರುವ ಜಾಗವೂ ತೀರಾ ಹಿಂತುದಿಯಲ್ಲಿಲ್ಲ, ನಡುಭಾಗಕ್ಕೆ ಹತ್ತಿರದಲ್ಲಿದೆ. ಎತ್ತಿಗೆ ನೊಗವನ್ನು ಹೆಗಲ ಮೇಲಿಡುತ್ತೇವೆ, ಬಾಲಕ್ಕೆ ಕಟ್ಟುವುದಿಲ್ಲ. ಹಿಂತುದಿಗೇ ಭಾರ ಕಟ್ಟಿದರೆ ಚುಕ್ಕಾಣಿ ಎಷ್ಟು ತಿರುಗಿಸಿದರೂ ಟಗ್ಗು ಸುಲಭವಾಗಿ ಹೊರಳದು. ಹೀಗೆ ನಕ್ಷೆಯ ಗೆರೆಗಳಲ್ಲಿ ಒಂದು ದುಡಿಮೆಯ ಅನುಭವವೇ ಅಡಗಿದೆ.

ಆದರೆ ಆ ಹಗ್ಗದ ಇನ್ನೊಂದು ತುದಿ ನಕ್ಷೆಯಲ್ಲಿಲ್ಲ. 1951ರ ಡಿಸೆಂಬರ್ ಕೊನೆಯಲ್ಲಿ ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕ ‘ಫ್ಲೈಯಿಂಗ್ ಎಂಟರ್‌ಪ್ರೈಸ್’ ಎಂಬ ಅಮೆರಿಕನ್ ಸರಕು ಹಡಗು ಒಡಲು ಬಿರಿದು ಪಕ್ಕಕ್ಕೆ ವಾಲಿತು. ಪ್ರಯಾಣಿಕರನ್ನೂ ಸಿಬ್ಬಂದಿಯನ್ನೂ ಇಳಿಸಿದ ಮೇಲೆ ಕ್ಯಾಪ್ಟನ್ ಕರ್ಟ್ ಕಾರ್ಲ್‌ಸನ್ ಒಬ್ಬರೇ ಉಳಿದರು. ಜನವರಿ 3ರಂದು ಟರ್ಮಾಯಿಲ್ ಬಂದಿತು. ಟಗ್ಗಿನಲ್ಲಿ ಬಲವಿತ್ತು, ಹಗ್ಗವಿತ್ತು. ಆದರೆ ಅದನ್ನು ಒಬ್ಬಂಟಿ ಮನುಷ್ಯ ಎಳೆದು ಕಟ್ಟಿಕೊಳ್ಳಲಾರ. ಮರುದಿನ ಟಗ್ಗಿನ ಮೇಟ್ ಕೆನೆತ್ ಡ್ಯಾನ್ಸಿ ಆ ವಾಲಿದ ಹಡಗಿಗೆ ಜಿಗಿದರು. 5ರಂದು ಎಳೆತ ಶುರುವಾಯಿತು.

ಬಂದರು ಇನ್ನೂ ಸುಮಾರು 40 ಮೈಲಿ ದೂರವಿರುವಾಗ, 10ರ ನಸುಕಿಗೆ ಮುಂಚೆಯೇ ಹಗ್ಗ ತುಂಡಾಯಿತು. ಅಂದೇ ಮಧ್ಯಾಹ್ನ ಇಬ್ಬರೂ ನೀರಿಗೆ ಹಾರಿದರು. ಅವರನ್ನು ಎತ್ತಿಕೊಂಡದ್ದೂ ಟರ್ಮಾಯಿಲ್ಲೇ. ಸ್ವಲ್ಪ ಹೊತ್ತಿನಲ್ಲೇ ಹಡಗು ಮುಳುಗಿತು.

ನಾವು ದಾಖಲೆಗಳನ್ನು ಓದುವಾಗ ಬರೆದದ್ದನ್ನಷ್ಟೇ ನಂಬುತ್ತೇವೆ. ಟಗ್ಗಿನ ನಕ್ಷೆ ಎಷ್ಟೇ ನಿಖರವಾಗಿದ್ದರೂ ಅರ್ಧ ದಾಖಲೆ. ಇನ್ನರ್ಧ ಅದು ಎಳೆಯಲು ಹೋದ ಹಡಗಿನಲ್ಲಿರುತ್ತದೆ. ಮಾದರಿ ಕಟ್ಟುವವರಲ್ಲಿ ಕೆಲವರು ಎಲ್ಲ ಮುಗಿದ ಮೇಲೆ ಡೆಕ್ಕಿನ ಮೇಲೆ ಒಂದೂವರೆ ಅಂಗುಲದ ಆಳೊಬ್ಬನನ್ನು ನಿಲ್ಲಿಸುತ್ತಾರೆ. ಅಲಂಕಾರಕ್ಕೆ ಎಂದುಕೊಂಡಿದ್ದೆ. ಈಗ ಅವನಿಲ್ಲದ ಮಾದರಿ ನನಗೆ ಅಪೂರ್ಣವಾಗಿ ಕಾಣುತ್ತದೆ.